ಹಳದಿ ಎಲೆ ಕಂಡ ಕೂಡಲೇ ಗೊಬ್ಬರದ ಡಬ್ಬಿಗೆ ಕೈ ಹಾಕಬೇಡಿ

ಮೊನ್ನೆ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಟೆರೇಸಿನ ಮೇಲೆ ನಿಂತಿದ್ದೆ. ಕೆಳಗಿನ ಮನೆಯ ಆಂಟಿ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಒಂದು ಗುಲಾಬಿ ಎಲೆ. ಪೂರ್ತಿ ಹಳದಿ.

"ನೋಡಪ್ಪಾ, ಮತ್ತೆ ಹೀಗಾಗ್ತಿದೆ. ಏನು ಹಾಕ್ಲಿ?"

ಗಿಡ ಸಾಕುವವರೆಲ್ಲ ಕೇಳುವ ಪ್ರಶ್ನೆ ಇದೊಂದೇ. ಏನು ಹಾಕಲಿ? ಏನಾಗಿದೆ ಅಂತ ಯಾರೂ ಕೇಳಲ್ಲ. ಉತ್ತರ ಹೇಳೋರಿಗೂ ಬರ ಇಲ್ಲ ಬಿಡಿ. ಪಕ್ಕದ ಮನೆಯವರು ಡಿಎಪಿ ಅಂತಾರೆ, ನರ್ಸರಿಯವರು ಎಪ್ಸಂ ಉಪ್ಪು ಅಂತಾರೆ, ಆಫೀಸಿನ ಗೆಳೆಯ ಮೊಟ್ಟೆ ಚಿಪ್ಪು ಅಂತಾನೆ, ಇನ್ಯಾರೋ ತುಕ್ಕು ಹಿಡಿದ ಮೊಳೆ ಹೂತಿಡಿ ಅಂತಾರೆ. ಚಹಾ ಚರಟ, ಬಾಳೆಹಣ್ಣಿನ ಸಿಪ್ಪೆ, ಈರುಳ್ಳಿ ಸಿಪ್ಪೆ, ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ... ಪಟ್ಟಿ ಮುಗಿಯೋದೇ ಇಲ್ಲ. ಪಾಪ ಆ ಹತ್ತಿಂಚಿನ ಕುಂಡ! ಒಂದು ಎಲೆ ಹಳದಿಯಾದ ತಪ್ಪಿಗೆ ಇಡೀ ಅಡುಗೆಮನೆಯನ್ನೇ ನುಂಗಬೇಕು.

ನಗಬೇಡಿ. ಇದನ್ನೆಲ್ಲ ನಾನೂ ಮಾಡಿದವನೇ. ಮಾಡಿ ಒಂದು ಗಿಡ ಕೊಂದವನು. ಅದಕ್ಕೇ ಇವತ್ತು ಇದನ್ನು ಬರೀತಿರೋದು.

ಅಮ್ಮ ತೀರ್ಥಹಳ್ಳಿ ಕಡೆಯ ನಮ್ಮ ಹಿತ್ತಲಿನಿಂದ ದುಂಡುಮಲ್ಲಿಗೆಯ ಬೇರು ಬಿಟ್ಟ ಗೆಲ್ಲೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬೆಂಗಳೂರಿಗೆ ತಂದಿದ್ದಳು. ಎರಡು ವರ್ಷ ಚೆನ್ನಾಗೇ ಹೂ ಬಿಟ್ಟಿತು. ಮೂರನೇ ವರ್ಷ ಮಳೆಗಾಲದಲ್ಲಿ ಕೆಳಗಿನ ಎಲೆಗಳು ಹಳದಿಯಾಗತೊಡಗಿದವು. ನಾನು ಹಸಿವು ಅಂದುಕೊಂಡೆ. ಒಂದು ಹಿಡಿ ಡಿಎಪಿ ಹಾಕಿದೆ. ವಾರದಲ್ಲಿ ಎಲೆಯ ತುದಿಗಳು ಸುಟ್ಟಂತೆ ಕಂದಾದವು. ನೀರು ಸಾಲದೇನೋ ಅಂತ ದಿನಕ್ಕೆರಡು ಸಲ ನೀರು ಹಾಕಿದೆ. ಇನ್ನಷ್ಟು ಹಳದಿ. ಎಪ್ಸಂ ಉಪ್ಪು ಹಾಕಿದೆ. ತಿಂಗಳೊಪ್ಪತ್ತಿನಲ್ಲಿ ಗಿಡ ಒಣಗಿ ಕಡ್ಡಿಯಾಯಿತು. ಕುಂಡ ಮಗುಚಿದಾಗ ಬಂದ ವಾಸನೆ ಇನ್ನೂ ಮೂಗಿನಲ್ಲಿದೆ. ಕೆಳಗಿನ ತೂತು ಮುಚ್ಚಿಹೋಗಿತ್ತು. ತಳದ ಅರ್ಧ ಅಡಿ ಮಣ್ಣು ಕೆಸರು. ಬೆಳ್ಳಗೆ ಗಟ್ಟಿಯಾಗಿರಬೇಕಿದ್ದ ಬೇರುಗಳು ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಕೈಗೇ ಬರುತ್ತಿದ್ದವು.

ಗಿಡಕ್ಕೆ ಹಸಿವಾಗಿರಲಿಲ್ಲ. ಉಸಿರು ಕಟ್ಟಿತ್ತು. ಉಸಿರು ಕಟ್ಟಿದವನ ಬಾಯಿಗೆ ನಾನು ಅನ್ನ ತುರುಕುತ್ತಿದ್ದೆ.

ಒಂದು ಸಲ, ಒಂದೇ ಒಂದು ಸಲ, ಬೆರಳನ್ನು ಮಣ್ಣಿಗೆ ಎರಡಿಂಚು ಇಳಿಸಿ ನೋಡಿದ್ದರೆ ಸಾಕಿತ್ತು. ಅಮ್ಮ ಫೋನಿನಲ್ಲಿ "ಮಲ್ಲಿಗೆ ಹೆಂಗಿದೆ?" ಅಂತ ಕೇಳಿದಾಗಲೆಲ್ಲ "ಚೆನ್ನಾಗಿದೆ" ಅಂತ ಎರಡು ತಿಂಗಳು ಸುಳ್ಳು ಹೇಳಿದೆ.

ಹೋಗ್ಲಿ, ವಿಷಯಕ್ಕೆ ಬರೋಣ.

ನಾನು ಕೃಷಿ ವಿಜ್ಞಾನಿ ಅಲ್ಲ. ಆದರೆ ಆ ಮಲ್ಲಿಗೆ ಸತ್ತ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ, ಟೆರೇಸಿನ ಮೂವತ್ತು ಕುಂಡಗಳನ್ನು ಕಣ್ಣಿಟ್ಟು ನೋಡಿದೆ. ನನಗನ್ನಿಸಿದ್ದು ಇಷ್ಟು. ಹಳದಿ ಅನ್ನೋದು ರೋಗ ಅಲ್ಲ, ಜ್ವರ ಇದ್ದ ಹಾಗೆ, ಬರೀ ಲಕ್ಷಣ. ಜ್ವರ ಬಂದವರಿಗೆಲ್ಲ ಒಂದೇ ಮಾತ್ರೆ ಕೊಡುವ ಡಾಕ್ಟರ ಹತ್ತಿರ ನಾವು ಹೋಗ್ತೀವಾ? ಗಿಡದ ವಿಷಯದಲ್ಲಿ ಮಾತ್ರ ನಾವೆಲ್ಲರೂ ಅಂಥ ಡಾಕ್ಟರುಗಳೇ!

ಎಲೆ ಹಸಿರಾಗಿರೋದು ಪತ್ರಹರಿತ್ತಿನಿಂದ ಅಂತ ಶಾಲೆಯಲ್ಲಿ ಓದಿದ್ದೇವೆ. ಅದರ ಒಂದೊಂದು ಕಣದ ನಡುವೆ ಒಂದು ಮೆಗ್ನೀಸಿಯಂ ಪರಮಾಣು, ಅದರ ಸುತ್ತ ನಾಲ್ಕು ಸಾರಜನಕ. ಕಬ್ಬಿಣ ಅದರೊಳಗೆ ಇರುವುದಿಲ್ಲ, ಆದರೆ ಅದನ್ನು ತಯಾರಿಸಲು ಬೇಕೇ ಬೇಕು. ಹಾಗಾಗಿ ಈ ಮೂರರಲ್ಲಿ ಯಾವುದು ಕಡಿಮೆಯಾದರೂ ಎಲೆ ಹಳದಿ. ಬೇರು ಕೊಳೆತರೂ ಹಳದಿ, ಹುಳ ರಸ ಹೀರಿದರೂ ಹಳದಿ, ವಯಸ್ಸಾದರೂ ಹಳದಿ. ಬಣ್ಣ ಒಂದೇ, ಕಾರಣ ಹತ್ತು.

ಹಾಗಾದರೆ ಹೇಗೆ ತಿಳಿಯೋದು? ಗಿಡವೇ ಹೇಳುತ್ತೆ. ಮೊದಲು ಕೇಳಬೇಕಾದ ಪ್ರಶ್ನೆ: ಹಳದಿಯಾಗಿರೋದು ಕೆಳಗಿನ ಹಳೇ ಎಲೆಯಾ, ಮೇಲಿನ ಹೊಸ ಚಿಗುರಾ?

ಸಾರಜನಕ, ರಂಜಕ, ಪೊಟ್ಯಾಶ್, ಮೆಗ್ನೀಸಿಯಂ ಇವು ಗಿಡದೊಳಗೆ ಓಡಾಡುವಂಥವು. ಕೊರತೆಯಾದಾಗ ಹಳೇ ಎಲೆಗಳು ತಮ್ಮಲ್ಲಿದ್ದುದನ್ನು ಚಿಗುರಿಗೆ ಕಳಿಸಿ ತಾವು ಬಾಡುತ್ತವೆ. ಮನೆಯಲ್ಲಿ ಪಲ್ಯ ಕಡಿಮೆ ಬಿದ್ದಾಗ ಅಮ್ಮಂದಿರು "ನಂಗೆ ಹಸಿವಿಲ್ಲ" ಅನ್ನುತ್ತಾರಲ್ಲ, ಹಾಗೆ. ಆದ್ದರಿಂದ ಈ ಕೊರತೆಗಳು ಮೊದಲು ಕಾಣೋದು ಕೆಳಗಿನ ಎಲೆಗಳಲ್ಲಿ. ಎಲೆ ಪೂರ್ತಿ ಒಂದೇ ಸಮ ತಿಳಿ ಹಳದಿಯಾಗಿ ಗಿಡದ ಬೆಳವಣಿಗೆಯೂ ನಿಂತಿದ್ದರೆ ಸಾರಜನಕ. ನರಗಳು ಹಸಿರಾಗೇ ಇದ್ದು ನಡುವಿನ ಜಾಗ ಮಾತ್ರ ಹಳದಿಯಾಗಿದ್ದರೆ ಮೆಗ್ನೀಸಿಯಂ. ಎಲೆಯ ಅಂಚು ಸುಟ್ಟ ಹಾಗೆ ಒಣಗಿಕೊಂಡು ಒಳಗೆ ಬರುತ್ತಿದ್ದರೆ ಪೊಟ್ಯಾಶ್. ಹಳದಿಯಾಗದೆ ಮಂಕು ಹಸಿರಿಗೆ ತಿರುಗಿ ನೇರಳೆ ಛಾಯೆ ಬಂದರೆ ರಂಜಕದ ಕಡೆ ಅನುಮಾನ ಪಡಬಹುದು.

ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಹಾಗಲ್ಲ. ಒಂದು ಎಲೆಯಲ್ಲಿ ಕೂತರೆ ಅಲ್ಲಿಂದ ಏಳೋದು ಕಷ್ಟ. ಇವು ಕಡಿಮೆಯಾದರೆ ಹಳೇ ಎಲೆ ಹಸಿರಾಗೇ ಇರುತ್ತೆ, ಪೆಟ್ಟು ಬೀಳೋದು ಚಿಗುರಿಗೆ. ಹೊಸ ಎಲೆ ಹಳದಿ, ನರಗಳು ಮಾತ್ರ ಗೀಟು ಎಳೆದ ಹಾಗೆ ಹಸಿರು - ಇದು ಕಬ್ಬಿಣ. ಚಿಗುರು ಮುರುಟಿಕೊಂಡು ತುದಿ ಒಣಗುತ್ತಿದ್ದರೆ ಕ್ಯಾಲ್ಸಿಯಂ ಅಥವಾ ಬೋರಾನ್. ಹೊಸ ಎಲೆ ನರವೂ ಸೇರಿ ಪೂರ್ತಿ ತೆಳು ಹಳದಿಯಾದರೆ ಗಂಧಕ.

ನೋಡಿ, ಮೆಗ್ನೀಸಿಯಂ ಕೊರತೆಗೂ ಕಬ್ಬಿಣದ ಕೊರತೆಗೂ ಎಲೆಯ ಮೇಲಿನ ಚಿತ್ರ ಹೆಚ್ಚುಕಡಿಮೆ ಒಂದೇ. ಒಂದೇ ಒಂದು ಎಲೆ ಕಿತ್ತು ತಂದು "ಏನು ಹಾಕ್ಲಿ" ಅಂತ ಕೇಳಿದರೆ ಬ್ರಹ್ಮನಿಗೂ ಹೇಳೋಕೆ ಕಷ್ಟ. ಎಲೆ ಗಿಡದಲ್ಲಿ ಎಲ್ಲಿತ್ತು ಅನ್ನೋದೇ ಅರ್ಧ ಉತ್ತರ.

ಇನ್ನು ನನ್ನ ದಾಸವಾಳದ ಕಥೆ ಕೇಳಿ.

2024ರ ಬೇಸಿಗೆ ನೆನಪಿದೆಯಲ್ಲ? ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ. ಆ ಮಾರ್ಚಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ನಾನೂ ಶಿಸ್ತಿನ ಮನುಷ್ಯನಾಗಿಬಿಟ್ಟೆ. ಮನೆಯ ಆರ್‌ಓ ಫಿಲ್ಟರಿನಿಂದ ಹೊರಗೆ ಹೋಗುವ ನೀರನ್ನು ಬಕೆಟಿನಲ್ಲಿ ಹಿಡಿದು ದಿನವೂ ಗಿಡಗಳಿಗೆ ಹಾಕತೊಡಗಿದೆ. ನೀರು ಉಳಿಸಿದ ಹೆಮ್ಮೆ ಬೇರೆ! ಮಳೆಗಾಲದ ಹೊತ್ತಿಗೆ ಕೆಂಪು ದಾಸವಾಳದ ಚಿಗುರೆಲ್ಲ ನಿಂಬೆಹಣ್ಣಿನ ಬಣ್ಣ. ನರಗಳು ಮಾತ್ರ ಹಸಿರು. ದಿನಕ್ಕೆ ಆರೇಳು ಹೂ ಬಿಡುತ್ತಿದ್ದ ಗಿಡ ವಾರಕ್ಕೊಂದಕ್ಕೆ ಬಂತು. ಮೊಗ್ಗುಗಳು ಅರಳದೇ ಉದುರಿದವು.

ಊರಿನಿಂದ ಬಂದ ಅಮ್ಮ ನೋಡಿದಳು. "ಬಚ್ಚಲೊಲೆ ಬೂದಿ ತಂದಿದೀನಿ, ಬುಡಕ್ಕೆ ಹಾಕು, ಸರಿಯಾಗುತ್ತೆ" ಅಂದಳು. ಹಾಕಿದೆ. ಇನ್ನೂ ಹಳದಿಯಾಯಿತು.

ನನಗೆ ಆಶ್ಚರ್ಯ. ಅಮ್ಮನ ಕೈಗುಣ ದೊಡ್ಡದು. ಊರಿನ ಹಿತ್ತಲಿನಲ್ಲಿ ಇದೇ ಬೂದಿ ಹಾಕಿ ಅವಳು ಮೂವತ್ತು ವರ್ಷ ಹೂ ಕೊಯ್ದಿದ್ದಾಳೆ. ಇಲ್ಲಿ ಯಾಕೆ ಕೈಕೊಟ್ಟಿತು?

ಉತ್ತರ ಮಣ್ಣಿನಲ್ಲಿತ್ತು, ಅದಕ್ಕಿಂತ ಹೆಚ್ಚಾಗಿ ನೀರಿನಲ್ಲಿತ್ತು. ಮಲೆನಾಡಿನ ಮಣ್ಣು ಜೋರು ಮಳೆಗೆ ತೊಳೆದು ತೊಳೆದು ಹುಳಿಯಾದ ಮಣ್ಣು. ಅಂದರೆ ಆಮ್ಲೀಯ. ಬೂದಿ ಕ್ಷಾರ. ಅಲ್ಲಿ ಬೂದಿ ಹಾಕಿದರೆ ಹುಳಿ ಮುರಿಯುತ್ತೆ, ಜೊತೆಗೆ ಪೊಟ್ಯಾಶೂ ಸಿಗುತ್ತೆ. ಅಮ್ಮನ ಲೆಕ್ಕ ಅಲ್ಲಿ ನೂರಕ್ಕೆ ನೂರು ಸರಿ. ನನ್ನ ಟೆರೇಸಿನ ಕುಂಡದ್ದು ಪೂರ್ತಿ ಉಲ್ಟಾ. ನಮ್ಮದು ಬೋರ್‌ವೆಲ್ಲಿನ ಗಡಸು ನೀರು. ಗೀಸರಿನ ಕಾಯಿಲ್ ಮೇಲೆ, ನಲ್ಲಿಯ ಬಾಯಲ್ಲಿ ಬೆಳ್ಳಗೆ ಕಲ್ಲು ಕಟ್ಟುತ್ತಲ್ಲ, ಅದೇ ಸುಣ್ಣದ ನೀರು. ಆರ್‌ಓ ಫಿಲ್ಟರ್ ಮಾಡೋದೇನು? ಒಳ್ಳೇ ನೀರನ್ನು ನಮಗೆ ಕೊಟ್ಟು ಉಪ್ಪು, ಸುಣ್ಣವನ್ನೆಲ್ಲ ಆ ಹೊರಗೆ ಹೋಗುವ ನೀರಿಗೆ ತಳ್ಳುತ್ತೆ. ಅದನ್ನೇ ನಾನು ತಿಂಗಳುಗಟ್ಟಲೆ ದಾಸವಾಳಕ್ಕೆ ಕುಡಿಸಿದ್ದೆ. ಕುಂಡವೂ ಸಿಮೆಂಟಿನದು, ಅದರಿಂದಲೂ ಸುಣ್ಣ ಬಿಡುತ್ತೆ. ಮೇಲೆ ಮೊಟ್ಟೆ ಚಿಪ್ಪು, ಅದೂ ಸುಣ್ಣವೇ. ಎಲ್ಲದರ ಮೇಲೆ ಬೂದಿ!

ಮಣ್ಣು ಹೀಗೆ ಕ್ಷಾರವಾದಾಗ ಏನಾಗುತ್ತೆ ಅಂದರೆ, ಕಬ್ಬಿಣ ಇದ್ದೂ ಇಲ್ಲದಂತಾಗುತ್ತೆ. ಪಿಎಚ್ ಒಂದೇ ಒಂದು ಅಂಕಿ ಏರಿದರೆ ನೀರಿನಲ್ಲಿ ಕರಗಿರುವ ಫೆರಿಕ್ ಕಬ್ಬಿಣ ಸುಮಾರು ಸಾವಿರ ಪಟ್ಟು ಕಡಿಮೆಯಾಗುತ್ತೆ. ತಮಾಷೆ ನೋಡಿ, ನಮ್ಮ ಬೆಂಗಳೂರಿನ ಮಣ್ಣು ಕೆಂಪಗಿರೋದೇ ಕಬ್ಬಿಣದ ತುಕ್ಕಿನಿಂದ. ಕುಂಡದ ತುಂಬ ಕಬ್ಬಿಣ, ಗಿಡಕ್ಕೆ ಮಾತ್ರ ಕಬ್ಬಿಣದ ಬರ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋ ಗಾದೆ ದಾಸವಾಳಕ್ಕೇ ಮಾಡಿದ್ದೇನೋ ಅನ್ನಿಸಿತು. ಅಂದಮೇಲೆ ತುಕ್ಕು ಹಿಡಿದ ಮೊಳೆ ಹೂಳೋದರಿಂದ ಏನು ಬಂತು? ತುಕ್ಕಿನ ರಾಶಿಯಲ್ಲೇ ನಿಂತ ಗಿಡಕ್ಕೆ ಇನ್ನೊಂದು ಚಿಟಿಕೆ ತುಕ್ಕು, ಅಷ್ಟೇ. ನನ್ನ ಡಿಎಪಿ ಚಟವೂ ಇಲ್ಲಿ ಕೆಟ್ಟದ್ದೇ ಮಾಡಿತ್ತು. ಅದರಲ್ಲಿ ನೂರಕ್ಕೆ 18 ಪಾಲು ಸಾರಜನಕ, 46 ಪಾಲು ರಂಜಕದ ಲೆಕ್ಕ. ರಂಜಕ ಅತಿಯಾದರೆ ಕಬ್ಬಿಣ, ಸತು ಎರಡೂ ಗಿಡಕ್ಕೆ ಸಿಗದ ಹಾಗೆ ಮಾಡುತ್ತೆ.

ನಾನು ಮಾಡಿದ್ದು ಹೀಗೆ. ಮೊದಲು ಆರ್‌ಓ ನೀರು ನಿಲ್ಲಿಸಿದೆ. ಅದು ಈಗ ನೆಲ ಒರೆಸೋಕೆ, ಬಚ್ಚಲು ತೊಳೆಯೋಕೆ. ಮಳೆ ಬಂದಾಗ ಛಾವಣಿಯ ನೀರನ್ನು ಡ್ರಮ್ಮಿನಲ್ಲಿ ಹಿಡಿದು, ಕುಂಡದ ಗಾತ್ರದ ಎರಡು ಮೂರರಷ್ಟು ನೀರನ್ನು ನಿಧಾನವಾಗಿ ಸುರಿದು ಕೆಳಗಿನಿಂದ ಹರಿದುಹೋಗಲು ಬಿಟ್ಟೆ. ಸೇರಿಕೊಂಡಿದ್ದ ಉಪ್ಪು ತೊಳೆದುಹೋಗಲಿ ಅಂತ. ಬೂದಿ, ಚಿಪ್ಪು ಬಂದ್. ಆಮೇಲೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಲೀಟರ್ ನೀರಿಗೆ 5 ಗ್ರಾಂ ಕರಗಿಸಿ, ನಾಲ್ಕು ಹನಿ ನಿಂಬೆರಸ ಹಿಂಡಿ, ಸಂಜೆ ಹೊತ್ತು ಎಲೆಗಳಿಗೆ ಸಿಂಪಡಿಸಿದೆ. ಮೊದಲು ಎರಡು ಎಲೆಗೆ ಮಾತ್ರ ಹೊಡೆದು, ಎರಡು ದಿನ ಕಾದು, ಸುಡಲಿಲ್ಲ ಅಂತ ಖಾತ್ರಿಯಾದ ಮೇಲೆ ಉಳಿದದ್ದಕ್ಕೆ. ಮಲ್ಲಿಗೆ ಬೆಳೆಗಾರರಿಗೂ ಹಳದಿ ಚಿಗುರಿಗೆ ಇದೇ ಪ್ರಮಾಣ ಹೇಳುತ್ತಾರೆ. ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗಲ್ಲ, ಮನೆಯಾಕೆಯಿಂದ ಬೈಸಿಕೊಳ್ಳಬೇಕಾಗುತ್ತೆ, ಜೋಪಾನ! ಎಲೆಗೆ ಕಬ್ಬಿಣದ ನೀರು ಹಚ್ಚಿ ಹಸಿರು ಮಾಡುವ ಈ ಉಪಾಯ ಹೊಸದಲ್ಲ. ಫ್ರಾನ್ಸಿನ ಎಸೆಬ್ ಗ್ರಿ ಅನ್ನುವವರು 1840ರ ದಶಕದಲ್ಲೇ ಮಾಡಿ ತೋರಿಸಿದ್ದರು.

ಅನ್ನಭೇದಿಯನ್ನು ಮಣ್ಣಿಗೇ ಹಾಕಬಹುದಲ್ಲ ಅಂದರೆ, ಕ್ಷಾರದ ಮಣ್ಣಿನಲ್ಲಿ ಅದೂ ಬೇಗನೆ ತುಕ್ಕಾಗಿ ಕೂತುಬಿಡುತ್ತೆ. ಮಣ್ಣಿಗೇ ಹಾಕಬೇಕಿದ್ದರೆ ಕೀಲೇಟ್ ರೂಪದ ಕಬ್ಬಿಣ ಬೇಕು. ಅದರಲ್ಲೂ ಪ್ಯಾಕೆಟ್ ತಿರುಗಿಸಿ ನೋಡಿ. ಇಡಿಟಿಎ ಅಂತಿದ್ದರೆ ಕ್ಷಾರದ ಮಣ್ಣಿನಲ್ಲಿ ಹೆಚ್ಚು ಹೊತ್ತು ನಿಲ್ಲಲ್ಲ. ಇಡಿಡಿಎಚ್‌ಎ ಅಂತಿದ್ದರೆ ನಿಲ್ಲುತ್ತೆ, ಬೆಲೆಯೂ ಜಾಸ್ತಿ.

ಮೂರು ವಾರ ಬೇಕಾಯಿತು. ಹೊಸ ಚಿಗುರು ಹಸಿರಾಗಿ ಬಂತು. ಇದೂ ಒಂದು ಪಾಠ. ಮದ್ದು ಮಾಡಿದ ಮೇಲೆ ನೋಡಬೇಕಾದ್ದು ಹಳದಿಯಾದ ಹಳೇ ಎಲೆಯನ್ನಲ್ಲ, ಮುಂದೆ ಬರುವ ಚಿಗುರನ್ನು. ನಾವು ಮಾತ್ರ ಮೂರನೇ ದಿನಕ್ಕೇ ಏನೂ ಆಗಲಿಲ್ಲ ಅಂತ ಇನ್ನೊಂದು ಡಬ್ಬಿ ಬಿಚ್ಚುತ್ತೇವೆ.

"ಅಲ್ಲ ಮಾರಾಯ, ಹಿಂದಿನವರು ಪಿಎಚ್ ಗಿಎಚ್ ನೋಡ್ತಿದ್ರಾ? ಗಿಡ ಚೆನ್ನಾಗಿ ಬರ್ತಿರಲಿಲ್ವಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಹಿಂದಿನವರ ಗಿಡ ನೆಲದಲ್ಲಿತ್ತು. ಇಲ್ಲಿ ಸಿಗದಿದ್ದರೆ ಬೇರು ನಾಲ್ಕಡಿ ಆಚೆ ಹೋಗಿ ಹುಡುಕಿಕೊಳ್ಳುತ್ತಿತ್ತು. ಹೆಚ್ಚಾಗಿ ಹಾಕಿದ್ದನ್ನು ಮಳೆ ತೊಳೆದುಕೊಂಡು ಹೋಗುತ್ತಿತ್ತು. ನಮ್ಮ ಕುಂಡದ ಗಿಡ ಜೈಲಿನಲ್ಲಿದೆ. ನಾವು ಹಾಕಿದ್ದನ್ನೇ ತಿನ್ನಬೇಕು, ಹಾಕಿದ್ದರಲ್ಲೇ ನಿಂತಿರಬೇಕು. ಹಿಂದಿನವರ ಮದ್ದು ತಪ್ಪಲ್ಲ, ಅದಕ್ಕೊಂದು ಊರಿದೆ. ಆ ಊರಿನ ಮಣ್ಣು, ಆ ಊರಿನ ಮಳೆ ಬಿಟ್ಟು ಬರೀ ಮದ್ದನ್ನು ಬಸ್ಸಿಗೆ ಹತ್ತಿಸಿಕೊಂಡು ಬಂದರೆ ಕೆಲಸ ಮಾಡಲ್ಲ. ಸಿಕ್ಕಸಿಕ್ಕಲ್ಲಿ ಓದಿದ ಉಪಾಯಗಳ ಕಥೆಯೂ ಅಷ್ಟೇ. ಹೇಳಿದವರ ನೀರು ಯಾವುದು, ಮಣ್ಣು ಯಾವುದು ಅಂತ ನಮಗೆ ಗೊತ್ತಿರೋದಿಲ್ಲ.

ಹಾಗಾಗಿ ಈಗ ನನ್ನದೊಂದು ಕ್ರಮ ಇದೆ. ಬೇಕಾದರೆ ಬರೆದಿಟ್ಟುಕೊಳ್ಳಿ.

ಮೊದಲು ಬೆರಳು. ಎರಡಿಂಚು ಕೆಳಗೆ ಮಣ್ಣು ಒದ್ದೆಯಿದ್ದರೆ ನೀರು ನಿಲ್ಲಿಸಿ. ಕೆಳಗಿನ ತೂತಿಗೆ ಕಡ್ಡಿ ಹಾಕಿ ನೋಡಿ. ಕುಂಡದ ಗಿಡ ಹಳದಿಯಾದಾಗ ನಾನು ಮೊದಲು ಅನುಮಾನಿಸೋದು ಹಸಿವನ್ನಲ್ಲ, ಹೆಚ್ಚಾದ ನೀರನ್ನು.

ಎರಡು, ಎಲೆಯ ಬೆನ್ನು. ಬೇಸಿಗೆಯಲ್ಲಿ ಎಲೆ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಹಳದಿ ಚುಕ್ಕೆಗಳಿದ್ದರೆ, ಗಿಡದ ಕೆಳಗೆ ಬಿಳಿ ಕಾಗದ ಹಿಡಿದು ಕೊಂಬೆ ತಟ್ಟಿ. ಬಿದ್ದ ಧೂಳು ನಡೆದಾಡಿದರೆ ಅದು ಧೂಳಲ್ಲ, ನುಸಿ! ಎಲೆಯ ಬೆನ್ನಿಗೆ ರಭಸವಾಗಿ ನೀರು ಹೊಡೆದರೇ ಅರ್ಧ ಕಡಿಮೆಯಾಗುತ್ತೆ. ಹಿಟ್ಟು ತಿಗಣೆ, ಬಿಳಿನೊಣ ಇವೆಯಾ ಅಂತಲೂ ಅಲ್ಲೇ ನೋಡಿ. ಗುಲಾಬಿಯಾದರೆ ಹಳದಿಯ ನಡುವೆ ಅಂಚು ಚದುರಿದ ಕಪ್ಪು ಚುಕ್ಕೆ ಇದ್ದರೆ ಅದು ಶಿಲೀಂಧ್ರ ರೋಗ. ಗೊಬ್ಬರಕ್ಕೂ ಅದಕ್ಕೂ ಸಂಬಂಧ ಇಲ್ಲ. ಆ ಎಲೆಗಳನ್ನು ಕಿತ್ತು ದೂರ ಎಸೆಯಿರಿ, ಎಲೆ ಮೇಲೆ ನೀರು ಹಾಕೋದು ಬಿಡಿ.

ಮೂರು, ಹಳೇ ಎಲೆಯಾ ಹೊಸ ಎಲೆಯಾ, ನರ ಹಸಿರಾ ಹಳದಿಯಾ.

ನಾಲ್ಕು, ನೀರು ಎಲ್ಲಿಯದು. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಕಟ್ಟಿದೆಯಾ.

ಐದು, ಹೋದ ತಿಂಗಳು ನಾನೇ ಏನೇನು ಹಾಕಿದ್ದೆ. ಇದಕ್ಕೆ ಪ್ರಾಮಾಣಿಕ ಉತ್ತರ ಕೊಡೋದು ಎಲ್ಲಕ್ಕಿಂತ ಕಷ್ಟ, ಅನುಭವದಿಂದ ಹೇಳ್ತಿದೀನಿ.

ಇಷ್ಟಾದ ಮೇಲೆ ಆರನೆಯದು ಗೊಬ್ಬರ. ಅದೂ ಒಂದು ಸಲಕ್ಕೆ ಒಂದೇ, ಸ್ವಲ್ಪವೇ, ಹಾಕಿ ಮೂರು ವಾರ ಕಾಯಬೇಕು. ನಾಲ್ಕು ಒಟ್ಟಿಗೆ ಹಾಕಿದರೆ ಗಿಡ ಬದುಕಿದರೂ ಯಾವುದರಿಂದ ಬದುಕಿತು ಅಂತ ಗೊತ್ತಾಗಲ್ಲ, ಸತ್ತರೂ ಗೊತ್ತಾಗಲ್ಲ. ಇನ್ನೊಂದು ಮಾತು, ಬುಡದ ಒಂದೆರಡು ಎಲೆ ಆಗಾಗ ಹಳದಿಯಾಗಿ ಉದುರೋದು ಸಹಜ. ಅದಕ್ಕೆ ಮದ್ದು ಬೇಡ. ಎಲೆ ಹಸಿರಾಗಲಿ ಅಂತ ಯೂರಿಯಾ ಸುರಿದರೆ ಹಸಿರೇನೋ ಆಗುತ್ತೆ. ಗಿಡ ಪೊದೆಯಾಗಿ ಬೆಳೆದು ಹೂ ಬಿಡೋದನ್ನೇ ಮರೆಯುತ್ತೆ. ನಾವು ಗಿಡ ನೆಟ್ಟಿದ್ದು ಹೂವಿಗೆ ತಾನೇ?

ಅಮ್ಮನಿಗೆ ಕೊನೆಗೆ ನಿಜ ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ. "ನಂಗೆ ಆಗಲೇ ಗೊತ್ತಿತ್ತು. ಹೂ ಎಷ್ಟು ಬಿಡ್ತು ಅಂತ ನೀನು ಹೇಳೋದೇ ನಿಲ್ಲಿಸಿದ್ಯಲ್ಲ" ಅಂದಳು. ಊರಿನ ಗಿಡದ ಇನ್ನೊಂದು ಗೆಲ್ಲನ್ನು ಬಗ್ಗಿಸಿ ಮಣ್ಣು ಮುಚ್ಚಿ ಕಲ್ಲು ಇಟ್ಟಿದ್ದಾಳಂತೆ. ಬೇರು ಬಿಟ್ಟ ಮೇಲೆ ಹೋಗಿ ತರಬೇಕು. ಈ ಸಲ ಮಣ್ಣಿನ ಕುಂಡ ತಂದಿಟ್ಟಿದ್ದೇನೆ, ತಳದಲ್ಲಿ ಮೂರು ತೂತು.

ಅಂದಹಾಗೆ, ಆಂಟಿಯ ಗುಲಾಬಿ. ಕೈಯಲ್ಲಿದ್ದ ಎಲೆ ನೋಡಿ ಏನೂ ಹೇಳಲಿಲ್ಲ. ಕಾಫಿ ಮುಗಿಸಿ ಅವರ ಜೊತೆ ಕೆಳಗೆ ಹೋದೆ. ಬಾಲ್ಕನಿ ಒದ್ದೆಯಾಗಬಾರದು ಅಂತ ಕುಂಡದ ಕೆಳಗೆ ದೊಡ್ಡ ತಟ್ಟೆ ಇಟ್ಟಿದ್ದರು. ಅದರ ತುಂಬ ನೀರು, ನೀರಿನಲ್ಲಿ ಸೊಳ್ಳೆ ಮರಿಗಳ ಈಜಾಟ. ಕುಂಡ ಎತ್ತಿ ಪಕ್ಕಕ್ಕಿಟ್ಟು ತಟ್ಟೆ ಖಾಲಿ ಮಾಡಿದೆ.

"ಸರಿ, ಈಗ ಏನು ಹಾಕ್ಲಿ?" ಅಂದರು ಆಂಟಿ.

"ಏನೂ ಹಾಕ್ಬೇಡಿ ಆಂಟಿ. ಹದಿನೈದು ದಿನ ಏನೂ ಹಾಕ್ಬೇಡಿ."

ಅವರಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ. ಪಕ್ಕದ ಮನೆಯ ಡಿಎಪಿ ಇನ್ನೂ ಅವರ ಕಿಟಕಿಯ ಮೇಲೇ ಇದೆ. ನೋಡೋಣ...

ನಿಮ್ಮ ಮನೆಯ ಗಿಡಗಳ ಕಥೆ ಏನು? ಬರೆಯಿರಿ. ಬರೆಯುವಾಗ ಹಳದಿಯಾಗಿರೋದು ಮೇಲಿನ ಎಲೆಯಾ ಕೆಳಗಿನದಾ, ಹಾಕೋದು ಯಾವ ನೀರು ಅಂತ ಮಾತ್ರ ಮರೆಯದೇ ಹೇಳಿ.